ಕೋಳಿ ಹೆಜ್ಜೆಯ ಬಾಣ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರೋ ಹೇಳಿ ನನ್ನ ಮರ್ಯಾದೆ ತೆಗೆಯುವುದು ಬೇಡ: ನಮ್ಮ ಓಣಿಯ ಸಣ್ಣ ಮಕ್ಕಳಿಗೆಲ್ಲ ಬಾಣದ ಗುರುತನ್ನು ಉಲ್ಟಾ ಕಲಿಸಿದ ಮಹಾಗುರು ನಾನೇ. ಒಂದು ಗೀಟು, ಅದರ ತುದಿಗೆ ಎರಡು ಸಣ್ಣ ಗೀಟು. ಅಷ್ಟೇ ಬಾಣ. ಅಷ್ಟನ್ನು ಕಲಿಸಲು ಹೋಗಿ, ನಮ್ಮಪ್ಪನ ತಂಗಿ ಗಂಗತ್ತಿಯನ್ನು ಅವಳು ಬಿಟ್ಟು ಬಂದ ಮನೆಗೇ ವಾಪಸು ಕಳಿಸುವ ಹಂತಕ್ಕೆ ತಂದಿದ್ದೆ. ಆಗ ನಾನು ಐದನೇ ತರಗತಿಯಲ್ಲಿದ್ದೆ. ಬುದ್ಧಿ ಇನ್ನೂ ಎರಡನೆಯದರಲ್ಲಿ ಫೇಲಾಗಿ ಕುಳಿತಿತ್ತು, ಬಾಯಿ ಮಾತ್ರ ಆಗಲೇ ಕಾಲೇಜಿಗೆ ಹೋಗುತ್ತಿತ್ತು.

ಇಂಡಿ ಊರಿನಲ್ಲಿ ನಮ್ಮ ಮನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು, ಒಂದರ ಬೆನ್ನಿಗೊಂದು ರೈಲಿನ ಡಬ್ಬಿಗಳ ಹಾಗೆ. ಮುಂಬಾಗಿಲಲ್ಲಿ ನಿಂತು ಸೀನಿದರೆ ಹಿತ್ತಲಿನಿಂದ ಆಯಿ, ಅಂದರೆ ಅಪ್ಪನ ತಾಯಿ, 'ಚಿರಂಜೀವಿ' ಎನ್ನುತ್ತಿದ್ದಳು. ಅಪ್ಪನದು ಲಿಂಬೆಹಣ್ಣಿನ ವ್ಯಾಪಾರ. ಪಡಸಾಲೆಯ ಅರ್ಧದಲ್ಲಿ ಲಿಂಬೆಯ ರಾಶಿ, ಇನ್ನರ್ಧದಲ್ಲಿ ಗೋಣಿಚೀಲ, ಅವೆರಡರ ನಡುವಿನ ಸಂದಿನಲ್ಲಿ ನಮ್ಮ ಓಡಾಟ. ಊಟದ ತಾಟು, ಹಾಸಿಗೆ, ನನ್ನ ಸಾಲೆಯ ಅಂಗಿ ಎಲ್ಲದಕ್ಕೂ ಲಿಂಬೆಯ ವಾಸನೆ. ಆ ಮನೆಯಲ್ಲಿ ಯಾರೂ ಒಂದು ಕಡೆ ಕುಳಿತದ್ದು ನನಗೆ ನೆನಪಿಲ್ಲ. ಅಪ್ಪ ನಿಂತುಕೊಂಡೇ ರೊಟ್ಟಿ ಮುರಿಯುತ್ತಿದ್ದ, ಒಂದು ಕಿವಿ ಸದಾ ಫೋನಿನ ಕಡೆ. ಚಡಚಣದಿಂದ ಗಾಡಿ ಬರಬೇಕು, ಬರಲಿಲ್ಲ, ಬಂದೀತು. ಅವ್ವ ಒಲೆಯ ಮುಂದೆ ಕುಳಿತರೂ ಕಣ್ಣು ಹಿತ್ತಲಿನ ಹಗ್ಗದ ಮೇಲೆ, ಒಣಗಿದ ಬಟ್ಟೆಯ ಮೇಲೆ. ಆಯಿ ಜಪಕ್ಕೆ ಕಣ್ಣು ಮುಚ್ಚಿದವಳು ನಡುವೆ ಒಂದು ಕಣ್ಣು ತೆರೆದು, 'ಮಲ್ಲೂ, ಹಾಲು ಉಕ್ಕಾಕತ್ತೇತಿ ನೋಡು' ಎಂದು ಮತ್ತೆ ಮುಚ್ಚುತ್ತಿದ್ದಳು. ಮಲ್ಲು ಎಂದರೆ ನಾನು. ಕುಳಿತುಕೊಳ್ಳುವುದೇನಿದ್ದರೂ ಬೀಗರು ಮಾಡುವ ಕೆಲಸ.

ನನ್ನ ಕೆಲಸ ಇವರೆಲ್ಲರ ನಕಲು ಮಾಡುವುದು. ಅಪ್ಪ ಸುಳ್ಳು ಹೇಳುವ ಮುಂಚೆ ಕೆಮ್ಮುತ್ತಿದ್ದ. ಅವನಿಗಿಂತ ಮೊದಲೇ ನಾನು ಕೆಮ್ಮಿಬಿಡುತ್ತಿದ್ದೆ. ಆಯಿಯ ಒಂದು ಕಣ್ಣಿನ ಜಪ, ಅವ್ವನ ನಿಟ್ಟುಸಿರು, ಅಂಚೆಯವನ ಕುಂಟುನಡಿಗೆ, ನಮ್ಮ ಗಣಿತದ ಮಾಸ್ತರರು ಮೂಗೊಳಗೆ ಮಗ್ಗಿ ಹೇಳುವುದು, ಎಲ್ಲವೂ ನನ್ನ ಅಂಗಡಿಯಲ್ಲಿ ಸಿಗುತ್ತಿದ್ದವು. ನನ್ನದೇ ನಕಲು ಮಾಡಲು ಹೇಳಿದರೆ ಮಾತ್ರ ಬರುತ್ತಿರಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತು; ಕಿವಿ ಅಗಲ, ಕಾಲು ಸಣ್ಣ, ಮೂಗು ಮನೆಗೆ ನನಗಿಂತ ಒಂದು ಗಳಿಗೆ ಮೊದಲೇ ಬಂದು ಸೇರುವಂಥದ್ದು. ನನ್ನನ್ನು ನೋಡಿ ನಗುವವರಿಗೆ ನಾನು ಏನನ್ನೂ ಮಾಡಿ ತೋರಿಸಬೇಕಾಗಿರಲಿಲ್ಲ.

ಗಂಗತ್ತಿಯನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಅವಳು ಶಿಕ್ಷಕಿಯ ತರಬೇತಿ ಮುಗಿಸಿದವಳು. ಮದುವೆಯ ಮಾತುಕತೆಯಲ್ಲಿ ಬೀಗರು, 'ನಮ್ಮ ಸೊಸಿ ಸಾಲಿಗೆ ಹೋಗಿ ಕಲಸಲಿ, ನಮಗೂ ಹೆಮ್ಮಿ' ಎಂದು ತುಂಬಿದ ಪಡಸಾಲೆಯಲ್ಲಿ ಮಾದಲಿ ಉಣ್ಣುತ್ತ ಹೇಳಿದ್ದರಂತೆ. ಮದುವೆಯಾದ ಮೇಲೆ ಆ ಮಾತು ಮಾದಲಿಯ ಜೊತೆಗೇ ಜೀರ್ಣವಾಯಿತು. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ, ಮನೆಯ ಹೆಣ್ಣುಮಗಳು ಬಸ್ಸು ಹತ್ತಿ ಇಳಿಯುವುದು ಚಂದ ಕಾಣುವುದಿಲ್ಲ. ಗಂಡ ಕೆಟ್ಟವನಲ್ಲ, ಆದರೆ ಅಣ್ಣ ಹೇಳಿದ್ದಕ್ಕೆ ಹೂಂ ಎನ್ನುವುದನ್ನು ಬಿಟ್ಟರೆ ಅವನ ಬಾಯಿಯಿಂದ ಬೇರೆ ಅಕ್ಷರ ಹೊರಟದ್ದನ್ನು ಯಾರೂ ಕೇಳಿಲ್ಲ. ಒಂದು ದಿನ ಮಧ್ಯಾಹ್ನ ಗಂಗತ್ತಿ ಒಂದು ಬ್ಯಾಗು ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು. ಅವ್ವ ನೀರು ಕೊಟ್ಟಳು, ಆಯಿ ಅತ್ತಳು, ಅಪ್ಪ ಕೆಮ್ಮಿದ. ಅವಳು ಸೆರಗು ಸಿಕ್ಕಿಸಿ ಪಡಸಾಲೆಯಲ್ಲಿದ್ದ ಗೋಣಿಚೀಲಗಳನ್ನು ಒಂದು ಮೂಲೆಗೆ ಒಟ್ಟಿ, ಅಲ್ಲಿ ಚಾಪೆ ಹಾಸಿ, ಮರುವಾರದಿಂದ ಓಣಿಯ ಪುಟ್ಟ ಮಕ್ಕಳನ್ನು ಕೂಡಿಸಿಕೊಂಡಳು. ಮುದ್ದೇಬಿಹಾಳದಿಂದ ಫೋನು ಬಂದಾಗಲೆಲ್ಲ ಅಪ್ಪನ ಹತ್ತಿರ ಇದ್ದದ್ದು ಒಂದೇ ಗುರಾಣಿ:

"ಆಕಿ ಸುಮ್ನ ಕುಂತಿಲ್ರಿ. ಸಾಲಿ ನಡಸಾಕತ್ತಾಳ. ಮಂದಿ ಮಕ್ಕಳು ಆಕೀನ ನಂಬ್ಯಾವು. ಹೆಂಗ ಕಳಸಲಿ?"

ಹೀಗೆ ಹೇಳುವಾಗ ಅಪ್ಪ ಕೆಮ್ಮುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದೆ.

ಮಕ್ಕಳನ್ನು ತಾಯಂದಿರು ಕಳಿಸುತ್ತಿದ್ದದ್ದು ಪ್ರೀತಿಗಲ್ಲ, ಭಯಕ್ಕೆ. ಊರಿನಲ್ಲಿ ಹೊಸದಾಗಿ ಒಂದು ಇಂಗ್ಲಿಷ್ ಮೀಡಿಯಂ ಸಾಲೆ ತೆರೆದಿತ್ತು. ಅಲ್ಲಿ ಸೇರಿಸಿಕೊಳ್ಳುವ ಮುಂಚೆ ಮಗುವಿನ ಕೈಗೆ ಚಿತ್ರದ ಹಾಳೆ ಕೊಡುತ್ತಾರೆ, ಈ ಕಡೆ ಎಮ್ಮೆ, ಆ ಕಡೆ ಹುಲ್ಲು. ಎಮ್ಮೆಯಿಂದ ಹುಲ್ಲಿಗೆ ಬಾಣ ಹಾಕಬೇಕು ಎಂದು ಯಾರೋ ಸುದ್ದಿ ತಂದಿದ್ದರು. ಅಂದಿನಿಂದ ಓಣಿಯಲ್ಲಿ ಬಾಣದ್ದೇ ಮಾತು. ಗಂಗತ್ತಿ ಕಲಿಸುವುದನ್ನು ನಾನು ಲಿಂಬೆಯ ರಾಶಿಯ ಹಿಂದೆ ನಿಂತು ನೋಡುತ್ತಿದ್ದೆ. ದೊಡ್ಡವರಿಗೆ ಬಾಣ ಒಂದು ಗುರುತು. ಆ ಮಕ್ಕಳಿಗೆ ಅದು ಮೂರು ಬೇರೆ ಬೇರೆ ಗೀಟುಗಳ ಜಗಳ. ಒಬ್ಬನ ಉದ್ದ ಗೀಟು ಪಾಟಿಯನ್ನು ದಾಟಿ ಚಾಪೆಯ ಮೇಲೆ ಹೋಗುತ್ತಿತ್ತು. ಒಬ್ಬಳು ಸಣ್ಣ ಗೀಟುಗಳನ್ನು ನಿಲ್ಲಿಸದೆ ಬರೆಯುತ್ತ ಹೋಗಿ ಕಸಬರಿಗೆ ಮಾಡುತ್ತಿದ್ದಳು. ಇನ್ನೊಬ್ಬ ಎರಡೂ ತುದಿಗೆ ತಲೆ ಇಟ್ಟು, 'ಇದು ಹೋಗತೈತಿ, ಬರತೈತಿ' ಎನ್ನುತ್ತಿದ್ದ. ಗಂಗತ್ತಿ ನಗುತ್ತಿರಲಿಲ್ಲ. ಮಗುವಿನ ಹಿಂದೆ ಕುಳಿತು, ಅದರ ಮುಷ್ಟಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು, ಉದ್ದ ಗೀಟು ಎಳೆದು, ತುದಿ ಬಂದಾಗ ಕೈಯನ್ನು ಅಲ್ಲೇ ನಿಲ್ಲಿಸುತ್ತಿದ್ದಳು. "ಇಲ್ಲಿ ತಡಿ. ಈಗ ಹಿಂದಕ್ಕ ಒಂದು. ಮತ್ತ ಇಲ್ಲೇ ಬಾ. ಹಿಂದಕ್ಕ ಇನ್ನೊಂದು." ನಿಲ್ಲುವುದೇ ಅವರಿಗೆ ಕಷ್ಟ. ನನಗೂ ಕಷ್ಟ, ನೋಡುತ್ತ ನಿಂತವನ ಕಾಲೇ ತುರಿಸುತ್ತಿತ್ತು.

ಒಂದು ಮುಂಜಾನೆ ಅವಳು ಯಾವುದೋ ಪರೀಕ್ಷೆ ಬರೆಯಲು ಸಿಂದಗಿಗೆ ಹೋಗಬೇಕಾಯಿತು. ಬಸ್ಸಿನ ಗಡಿಬಿಡಿಯಲ್ಲಿ ತಲೆ ಬಾಚಿಕೊಳ್ಳುತ್ತ ನನಗೆ ಹೇಳಿದಳು:

"ಮಲ್ಲೂ, ಹುಡುಗೂರು ಬಂದ್ರ ಬಾಣ ತಿದ್ದಸು. ಹೊಸಾದೇನೂ ಕಲಸಬ್ಯಾಡ. ಬರೇ ತಿದ್ದಸು. ತಿಳೀತಿಲ್ಲ?"

ತಿಳಿಯಿತು. ತಿಳಿದರೂ ಮಾಡಲಿಲ್ಲ. ಪುಟ್ಟ ಪುಟ್ಟ ಮುಖಗಳು ನನ್ನನ್ನೇ ನೋಡುತ್ತ ಸಾಲಾಗಿ ಕುಳಿತಾಗ ನನ್ನೊಳಗಿನ ನಾಟಕದವನು ಎದ್ದು ನಿಂತ. ಪ್ರೇಕ್ಷಕರು ತಾವಾಗಿ ಬಂದು ಚಾಪೆಯ ಮೇಲೆ ಕುಳಿತದ್ದು ಅದೇ ಮೊದಲು. ಅವ್ವ ಆಗಷ್ಟೇ ಅಂಗಳಕ್ಕೆ ಸೆಗಣಿ ಸಾರಿಸಿದ್ದಳು, ಹಸಿ ಅಂಗಳದ ಮೇಲೆ ಎದುರು ಮನೆಯ ಸಾವಂತ್ರಕ್ಕನ ಕೋಳಿಗಳು ರಾಜಾರೋಷವಾಗಿ ನಡೆದುಹೋಗಿದ್ದವು. ನೋಡುತ್ತೇನೆ, ಉದ್ದಕ್ಕೂ ಬಾಣವೋ ಬಾಣ! ನಡುವೆ ಒಂದು ಗೀಟು, ಅತ್ತಿತ್ತ ಎರಡು ಗೀಟು. ಪಾಟಿ ಯಾರಿಗೆ ಬೇಕು? ಎಲ್ಲರನ್ನೂ ಅಂಗಳಕ್ಕೆ ಎಬ್ಬಿಸಿಕೊಂಡು ಬಂದೆ. ಕತ್ತು ಮುಂದೆ ಹಿಂದೆ ಮಾಡಿ, ಕೈಯನ್ನು ರೆಕ್ಕೆ ಮಾಡಿ, ಒಂದೊಂದೇ ಕಾಲೆತ್ತಿ ಇಟ್ಟು, ಸಾವಂತ್ರಕ್ಕನ ಕೆಂಪು ಹ್ಯಾಟೆಕೋಳಿಯ ನಕಲು ಮಾಡಿದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಆಮೇಲೆ ಎಲ್ಲರೂ ಕೋಳಿಗಳಾದರು. ಹೆಜ್ಜೆ ಇಡುವುದು, ಬಗ್ಗಿ ಹೆಜ್ಜೆಯ ಗುರುತು ಬರೆಯುವುದು. ವಾರಗಟ್ಟಲೆ ಬಾರದ ಬಾಣ ಒಂದು ಮುಂಜಾನೆಗೆ ಬಂದುಬಿಟ್ಟಿತು. ಕಸಬರಿಗೆಯ ಹುಡುಗಿಯೂ ಅಚ್ಚುಕಟ್ಟಾಗಿ ಬರೆದಳು. ನನಗೆ ನನ್ನ ಮೇಲೆ ಎಷ್ಟು ಅಭಿಮಾನ ಬಂತೆಂದರೆ ಮಧ್ಯಾಹ್ನ ನನಗೇ ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಂಡೆ.

ನಾನು ನೋಡದೇ ಹೋದದ್ದು ಇಷ್ಟೇ: ಕೋಳಿಯ ಬೆರಳು ಅಗಲವಾಗುವುದು ಮುಂದಕ್ಕೆ. ಬಾಣದ ತಲೆ ಅಗಲವಾಗುವುದು ಹಿಂದಕ್ಕೆ. ಗುರುತು ಅದೇ, ಹೋಗುವ ದಿಕ್ಕು ಮಾತ್ರ ಪೂರಾ ಎದುರು. ಓಣಿಯ ಮಕ್ಕಳು ಹುಟ್ಟಿದಾಗಿನಿಂದ ಸಾರಿಸಿದ ಅಂಗಳದಲ್ಲಿ ಕೋಳಿಯ ಹೆಜ್ಜೆ ಹಿಡಿದು ಮೊಟ್ಟೆ ಹುಡುಕಿದವರು. ಬಾಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಅವರು ಅಗಲವಾದ ಕಡೆಗೆ, ಅಂದರೆ ಬಾಲದ ಕಡೆಗೆ, ಒಂದೇ ಸಮ ಬೆರಳು ತೋರಿಸುತ್ತಿದ್ದರು. ಎಮ್ಮೆಯಿಂದ ಹುಲ್ಲಿಗೆ ಹಾಕಿ ಎಂದರೆ ಹುಲ್ಲಿನಿಂದ ಎಮ್ಮೆಗೆ ಹಾಕುತ್ತಿದ್ದರು. ನಮ್ಮ ಓಣಿಯಲ್ಲಿ ಹುಲ್ಲೇ ಎದ್ದು ಎಮ್ಮೆಯನ್ನು ತಿನ್ನಲು ಹೊರಟಿತ್ತು.

ಇದನ್ನು ಮೊದಲು ಕಂಡುಹಿಡಿದವಳು ಸಾವಂತ್ರಕ್ಕನೇ. ಮಗಳು ಚಂದ್ರಿಯನ್ನು ಮನೆಯಲ್ಲಿ ಪರೀಕ್ಷೆ ಮಾಡಿ, ಅವಳ ರಟ್ಟೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಗಂಗತ್ತಿ ಸಿಂದಗಿಯಿಂದ ಬಂದು ಆಗಷ್ಟೇ ಕಾಲು ತೊಳೆಯುತ್ತಿದ್ದಳು.

"ಏನ ಕಲಸೀಯವಾ ಗಂಗಾ? ಬಾಣ ಎಲ್ಲಿ ಹೊಂಟೈತಿ ಅಂದ್ರ ಹಿಂದಕ್ಕ ತೋರಸ್ತಾಳ!"

"ಹಂಗೇನಿಲ್ಲ ಅಕ್ಕಾ, ನಾಳೆ ತಿದ್ದತೇನಿ."

"ತಿದ್ದೂದೇನ ಬಂತು? ಗಂಡನ ಮನಿಯಿಂದ ಹೊಳ್ಳಿ ಬಂದಾಕಿ, ಮಕ್ಕಳಿಗೂ ಹೊಳ್ಳಿ ಹೋಗೂದ ಕಲಸತಾಳ!"

ಮಾತು ಬಾಯಿಯಿಂದ ಜಾರಿದ್ದು ಅವಳಿಗೂ ತಿಳಿಯಿತೇನೋ, ಚಂದ್ರಿಯನ್ನು ಎಳೆದುಕೊಂಡು ಹೊರಟೇಹೋದಳು. ಆದರೆ ಮಾತು ಹೋಗಲಿಲ್ಲ. ಮರುದಿನ ಅದು ನಲ್ಲಿಯ ಹತ್ತಿರ ಇತ್ತು, ಹಿಟ್ಟಿನ ಗಿರಣಿಯಲ್ಲಿ ಇತ್ತು, ಸಂಜೆಗೆ ಅಪ್ಪನ ಲಿಂಬೆಯ ಗಿರಾಕಿಗಳ ಬಾಯಲ್ಲೂ ಇತ್ತು. ಮೊದಲು ಚಂದ್ರಿ ಬರಲಿಲ್ಲ, ಆಮೇಲೆ ಕಸಬರಿಗೆಯವಳು ಬರಲಿಲ್ಲ, ಆಮೇಲೆ ಯಾರೂ ಬರಲಿಲ್ಲ. ಚಾಪೆ ಮಾತ್ರ ಹಾಸಿಕೊಂಡಿತ್ತು. ಗಂಗತ್ತಿ ಬಾಗಿಲಿಗೂ ನಡುಮನೆಗೂ ತಿರುಗುತ್ತಿದ್ದಳು, ಅವಳ ಹಿಂದೆ ಆಯಿ, ಆಯಿಯ ಹಿಂದೆ ಅವ್ವ. ನಾನು ಯಾರ ನಕಲೂ ಮಾಡದೆ ಎರಡು ದಿನ ಇದ್ದೆ. ಜ್ವರ ಬಂದಿದೆಯೆಂದು ಅವ್ವ ಹಣೆ ಮುಟ್ಟಿ ನೋಡಿದಳು.

ಸುದ್ದಿ ಮುದ್ದೇಬಿಹಾಳವನ್ನೂ ಮುಟ್ಟಿತು. ಗಂಗತ್ತಿಯ ಗಂಡನ ಅಣ್ಣ, ಅವಳಿಗೆ ಭಾವ, ನನಗೆ ದೊಡ್ಡ ಮಾಮಾ, ಫೋನಿನಲ್ಲಿ ಎಷ್ಟು ಜೋರಾಗಿ ಮಾತಾಡುತ್ತಿದ್ದರೆಂದರೆ ಅಪ್ಪ ಅದನ್ನು ಕಿವಿಯಿಂದ ದೂರ ಹಿಡಿದಿದ್ದ. ಪ್ರತಿ ಮಾತಿನ ಮುಂಚೆ ಅವರಿಗೆ ಒಂದು ಪಲ್ಲವಿ ಇತ್ತು.

"ಅಂದ್ರ ಏನಪಾ ಅಂದ್ರ, ಸಾಲೀನೂ ಮುಚ್ಚೇತಂತ. ಅಂದ್ರ ಏನಪಾ ಅಂದ್ರ, ರವಿವಾರ ಬರ್ತೇನಿ, ಕರಕೊಂಡ ಹೋಗತೇನಿ."

ಅಪ್ಪ ಗುರಾಣಿ ಹುಡುಕಿದ. ಸಿಗಲಿಲ್ಲ. ಕೆಮ್ಮಿ, 'ಬರ್ರಿ' ಎಂದ. ಅಂದು ಊಟಕ್ಕೆ ಝುಣಕ, ಬಿಸಿ ರೊಟ್ಟಿ. ಯಾರೂ ಉಣ್ಣಲಿಲ್ಲ, ಗಂಗತ್ತಿ ಮಾತ್ರ ರೊಟ್ಟಿಯ ಚೂರು ಕೈಯಲ್ಲಿ ಹಿಡಿದು ಅಪ್ಪನನ್ನು ಕೇಳಿದಳು:

"ಅಣ್ಣಾ, ನೀ ನನ್ನ ಕಳಸ್ತಿಯೇನು?"

"ನಾ ಕಳಸಂಗಿಲ್ಲವಾ. ಆದ್ರ ಅಂವ ಕೇಳಿದ್ರ ಏನ ಹೇಳಲಿ? ಖಾಲಿ ಚಾಪಿ ತೋರಸ್ಲಿ?"

ಶನಿವಾರ ಮುಂಜಾನೆ ಅವ್ವ ಅಂಗಳ ಸಾರಿಸಿದಳು. ಗಂಗತ್ತಿ ಕಟ್ಟೆಯ ಮೇಲೆ ಕುಳಿತಿದ್ದಳು, ಕೋಳಿಗಳು ಎಂದಿನಂತೆ ಅಂಗಳ ದಾಟಿದವು. ಚಂದ್ರಿ ಎದುರು ಮನೆಯಿಂದ ತಾಯಿಯ ಕಣ್ಣು ತಪ್ಪಿಸಿ ಓಡಿಬಂದು ಅವಳ ಪಕ್ಕ ಕುಳಿತಳು. ಗಂಗತ್ತಿ ಅವಳನ್ನು ಮೆಲ್ಲಗೆ ಕೇಳಿದಳು, ಬಾಣ ಹಿಂದಕ್ಕೆ ಯಾಕೆ ಹೋಗುತ್ತದೆ? ಚಂದ್ರಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ, ಹಸಿ ಅಂಗಳದ ಕಡೆ ಬೆರಳು ಮಾಡಿ, 'ಕೋಳಿ ಹಂಗ ಹೋಗತೈತಲ್ರಿ ಟೀಚರ' ಎಂದಳು. ಗಂಗತ್ತಿ ಹೆಜ್ಜೆ ನೋಡಿದಳು. ಕೋಳಿ ನೋಡಿದಳು. ಆಮೇಲೆ ಬಾಗಿಲ ಹಿಂದೆ ಅಡಗಿದ್ದ ನನ್ನನ್ನು ನೋಡಿದಳು. ಬೈಗುಳ ಬರುತ್ತದೆಂದು ನಾನು ಕಿವಿ ಮುಚ್ಚಿಕೊಂಡೆ. ಅವಳು ನಗಲು ಶುರುಮಾಡಿದಳು. ಮುದ್ದೇಬಿಹಾಳದಿಂದ ಬಂದ ಮೇಲೆ ಅವಳು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ, ಕಟ್ಟೆಯ ಮೇಲೆ ಮುಂದಕ್ಕೆ ಬಗ್ಗಿ, ಕಣ್ಣಲ್ಲಿ ನೀರು ಬರುವ ತನಕ.

"ಬಾರೋ ಕೋಳಿ ಮಾಸ್ತರ," ಎಂದು ನನ್ನ ಕಿವಿ ಹಿಡಿದು ಓಣಿಗೆ ಎಳೆದುಕೊಂಡು ಹೋದಳು. "ನಿನ್ನ ಮೂಗು ಇವತ್ತ ಉಪಯೋಗಕ್ಕ ಬರ್ಲಿ."

ಪಾಟಿ ಇಲ್ಲ, ಚಾಪೆ ಇಲ್ಲ, ಓಣಿಯ ನಡುವೆಯೇ ನನ್ನನ್ನು ನಿಲ್ಲಿಸಿದಳು. 'ನಮಸ್ಕಾರ ಮಾಡು' ಎಂದಳು. ಕೈ ಜೋಡಿಸಿದೆ. 'ಬೆರಳು ಮುಂದಕ್ಕ ಮಾಡು, ಮೊಣಕೈ ಅಗಲಸು.' ಅಗಲಿಸಿದೆ. ಜೋಡಿಸಿದ ಬೆರಳಿನ ತುದಿ ಮುಂದೆ, ಮೊಣಕೈಗಳು ಎರಡು ಬದಿಗೆ ಹಿಂದೆ, ನಡುವೆ ಉದ್ದಕ್ಕೆ ನನ್ನ ಮೈ. ನಾನೇ ಬಾಣ. ಅವಳು ಬೆನ್ನಿಗೆ ಒಂದು ತಟ್ಟಿ, 'ಬೆರಳು ಹೋದ ಕಡೆ ಓಡು' ಎಂದಳು. ಓಡಿದೆ. ಹಿತ್ತಾಳೆ ಕೊಡ ಹೊತ್ತ ಒಬ್ಬಳನ್ನು ತಪ್ಪಿಸಿ, ಮುಂದಿನ ಗೋಡೆಗೆ ಹೋಗಿ ಮೂಗು ಒತ್ತಿ ನಿಂತೆ. ಬೇಲಿಯ ಸಂದಿನಿಂದ, ಬಾಗಿಲ ಹಿಂದಿನಿಂದ ಮಕ್ಕಳು ಹೊರಬಂದವು. ಸಾಲಾಗಿ ನಿಂತು ಕೈ ಜೋಡಿಸಿದವು. ಗಂಗತ್ತಿ ಒಬ್ಬೊಬ್ಬರ ಮೊಣಕೈ ಸರಿಮಾಡುತ್ತ ಹೇಳುತ್ತ ಹೋದಳು: "ಕೋಳಿ ಬ್ಯಾರೆ, ಬಾಣ ಬ್ಯಾರೆ. ಕೋಳಿ ಬೆರಳು ಅಗಲಿಸಿ ನಡೀತೈತಿ. ಬಾಣ ಮೂಗು ಚೂಪು ಮಾಡಿ ಓಡತೈತಿ." ಓಡಿ ಬಂದವರಿಗೆ ಸುಣ್ಣದ ತುಂಡು ಕೊಟ್ಟು ನೆಲದ ಮೇಲೆ ಬರೆಸಿದಳು. ತಾಯಂದಿರು ಬಾಗಿಲುಗಳಲ್ಲಿ ನಿಂತು, ನೋಡದವರಂತೆ ನೋಡಿದರು.

ರವಿವಾರ ದೊಡ್ಡ ಮಾಮಾ ಬಂದಾಗ ಓಣಿಯಲ್ಲಿ ಅದೇ ಆಟ ನಡೆದಿತ್ತು. ಬಿಳಿ ಅಂಗಿ, ಕಂಕುಳಲ್ಲಿ ಚೀಲ, ಬಸ್ಸಿನ ಧೂಳು. ತಿರುವಿನಲ್ಲಿ ಅವರು ಕಾಣಿಸಿಕೊಳ್ಳುವಷ್ಟರಲ್ಲಿ ಆ ಕಡೆ ಮುಖ ಮಾಡಿ ನಿಂತಿದ್ದ ಮಕ್ಕಳೆಲ್ಲ ಕೈ ಜೋಡಿಸಿ ಹೊರಟಿದ್ದರು. ಮಾಮಾ ತಮಗೇ ನಮಸ್ಕಾರವೆಂದು ತಿಳಿದು, 'ಅಂದ್ರ ಏನಪಾ ಅಂದ್ರ, ಸಂಸ್ಕಾರ!' ಎಂದು ಪ್ರತಿಯಾಗಿ ಕೈ ಎತ್ತುವಷ್ಟರಲ್ಲಿ ಮೊದಲ ಬಾಣ ಅವರ ಹೊಟ್ಟೆಗೆ ನಾಟಿತು. ಎರಡನೆಯದು ಚೀಲಕ್ಕೆ. ಮೂರನೆಯವಳು ಚಂದ್ರಿ, ಅವಳು ಗುರಿಯಲ್ಲಿ ಪಕ್ಕಾ, ಮೊಣಕಾಲಿಗೇ. ನಾನು ಅವರನ್ನು ಹಿಡಿದು ನಿಲ್ಲಿಸಿದೆ, ಅವರ ಮುಖದ ಮೇಲಿದ್ದದ್ದನ್ನೆಲ್ಲ ಮುಂದೆ ನಕಲು ಮಾಡಲೆಂದು ಬಾಯಿಪಾಠ ಮಾಡಿಕೊಂಡೆ.

ಒಳಗೆ ಅವರನ್ನು ಗಟ್ಟಿಮುಟ್ಟಾದ ಖುರ್ಚಿಯಲ್ಲಿ ಕೂರಿಸಿ ಶಿರಾ ಕೊಟ್ಟರು. ಅಪ್ಪ ಲಿಂಬೆಯ ರಾಶಿಯ ಹತ್ತಿರ ನಿಂತು ಹಣ್ಣುಗಳನ್ನು ಸುಮ್ಮನೆ ಆ ಕೈಯಿಂದ ಈ ಕೈಗೆ ಹಾಕುತ್ತಿದ್ದ. ಅವ್ವ ಬಾಗಿಲ ಮರೆಯಲ್ಲಿ. ಗಂಗತ್ತಿ ಹೊರಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು, ಕೈ ತುಂಬ ಸುಣ್ಣದ ಪುಡಿ. ಅವಳ ಹಿಂದೆಯೇ ಸಾವಂತ್ರಕ್ಕ ಇಣುಕಿದಳು. ಕ್ಷಮೆ ಗಿಮೆ ಕೇಳುವ ಜಾಯಮಾನ ಅವಳದಲ್ಲ. ಒಳಗೆ ಬೀಗರಿದ್ದಾರೆಂಬುದನ್ನು ಲೆಕ್ಕಿಸದೆ ಗಂಗತ್ತಿಗೆ ಹೇಳಿದಳು:

"ಚಂದ್ರಿ ನಮ್ಮನಿ ಗ್ವಾಡಿ ತುಂಬ ಬಾಣ ಬರದಾಳವಾ, ಎಲ್ಲಾ ಸರಿ ಅದಾವು. ನಾಳೆ ಕಳಸ್ತೇನಿ. ಆ ಕಡೆ ಮನಿಯವರೂ ಕಳಸ್ತಾರಂತ. ಗ್ವಾಡಿ ಮ್ಯಾಗ ಬರೀಬ್ಯಾಡ ಅಂತನೂ ಒಂದಿಷ್ಟ ಕಲಸು."

ಅವಳು ಹೋದಳು. ದೊಡ್ಡ ಮಾಮಾ ಶಿರಾದ ತಾಟಿನಿಂದ ತಲೆ ಎತ್ತಲಿಲ್ಲ.

"ಅಂದ್ರ ಏನಪಾ ಅಂದ್ರ, ಆದದ್ದ ಆತು. ಬ್ಯಾಗ ತುಂಬಲಿ. ಸಂಜಿ ಬಸ್ಸಿಗೆ ಹೊಂಟಬಿಡೂಣು."

"ಅಲ್ರಿ, ನಾಳೆ ಹುಡುಗೂರು..." ಎಂದ ಅಪ್ಪ, ಕೆಮ್ಮದೆ.

"ಹುಡುಗೂರಿಗೆ ಗೀಟು ಕೊರಿಯೂದ ಯಾರರ ಕಲಸ್ತಾರ್ರಿ. ಅದೇನ ದೊಡ್ಡ ಕೆಲಸ?"

ನಡುಮನೆಯಿಂದ ಆಯಿ ಎದ್ದು ಬಂದಳು, ಕೈಯಲ್ಲಿ ಜಪಮಾಲೆ, ಎರಡೂ ಕಣ್ಣು ಪೂರ್ತಿ ತೆರೆದು.

"ಅಲ್ಲೋ ತಮ್ಮಾ, ಹೇಣ್ತಿ ನಿನ್ನ ತಮ್ಮನಾಕಿ. ಕರಿಯಾಕ ನೀ ಬಂದಿ. ಅಂವ ಯಾಕ ಬರಲಿಲ್ಲ?"

"ಅಂವಗ ಕೆಲಸ ಐತ್ರಿ ಆಯಿ," ಎಂದರು ಮಾಮಾ. "ಕೆಲಸ ಬಿಟ್ಟ ಹೆಂಗ ಬರ್ತಾನ?"

ಇದಕ್ಕೆ ಗಂಗತ್ತಿ ಕೊಟ್ಟ ಉತ್ತರವನ್ನು ಕೇಳಿ ದೊಡ್ಡ ಮಾಮಾ ಶಿರಾ ಮುಗಿಸಿ, ಚಹಾ ಅರ್ಧ ಕುಡಿದು, ಸಂಜೆಯ ಬಸ್ಸಿಗೆ ಬಂದ ಹಾಗೆಯೇ ಒಬ್ಬರೇ ಹೊರಟರು. ಆಮೇಲೆ ಆ ಊರಿನಿಂದ ಕರೆಯಲು ಯಾರೂ ಬರಲಿಲ್ಲ. ಎಲ್ಲರ ಮಾತನ್ನೂ ಅವರವರ ಗಂಟಲಿನಲ್ಲೇ ಹೇಳಿ ತೋರಿಸುವ ನನಗೆ ಅದೊಂದು ಮಾತು ಇಂದಿಗೂ ಕೂಡಿಬರುವುದಿಲ್ಲ. ಅದರಲ್ಲಿ ಸಿಟ್ಟು ಇರಲಿಲ್ಲ, ಅಳು ಇರಲಿಲ್ಲ, ಹಿಡಿದು ಎಳೆಯಲು ಒಂದು ಕೊಂಕೂ ಇರಲಿಲ್ಲ. ಕೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಅಂದದ್ದು ಇಷ್ಟು:

"ನನಗೂ ಐತಲ್ರಿ ಭಾವಾರ. ನಾ ಬಿಟ್ಟ ಹೆಂಗ ಬರ್ಲಿ?"